ದಿನಾಂಕ ಕೇಳಿದ ವಕೀಲರು: ಒಂದು ವಿಚ್ಛೇದನ ಪ್ರಕರಣದಲ್ಲಿ ಎರಡು ಕಚೇರಿಗಳ ಸೇವೆ

ವಕೀಲರ ಸೇವೆಯನ್ನು ಹೋಟೆಲಿನ ಊಟದ ಹಾಗೆ, ಅಂಗಡಿಯಿಂದ ತಂದ ಮಿಕ್ಸರಿನ ಹಾಗೆ ಅಳೆದು ಬರೆಯುವುದು ಸರಿಯೇ ಎಂಬ ಅನುಮಾನ ನನಗೂ ಇತ್ತು. ಮಿಕ್ಸರ್ ಕೆಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ವಕೀಲರ ಕೆಲಸ ಕೆಟ್ಟರೆ ಹೋಗುವಂತಿಲ್ಲ. ವಕೀಲರು ಕಕ್ಷಿದಾರರಿಗೆ ಸಲ್ಲಿಸುವ ಸೇವೆಯು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ವಕೀಲರ ಪರಿಷತ್ತಿಗೆ ದೂರು ಕೊಡಲು ಅವಕಾಶವಿದೆಯಾದರೂ ಅಲ್ಲಿ ನಡೆಯುವುದು ದುರ್ನಡತೆಯ ವಿಚಾರಣೆ. ಅರ್ಜಿಯನ್ನು ಅಸಡ್ಡೆಯಿಂದ ಬರೆದುಕೊಟ್ಟರು ಎಂಬ ದೂರು ಬಹುಪಾಲು ಅದರೊಳಗೆ ಹಿಡಿಸುವುದಿಲ್ಲ. ಹಾಗಾಗಿ ಎರಡು ಕಚೇರಿಗಳ ಮೆಟ್ಟಿಲು ಹತ್ತಿ, ಎರಡಕ್ಕೂ ಹಣ ಕೊಟ್ಟು, ಎರಡರ ಕೆಲಸವನ್ನೂ ಹತ್ತಿರದಿಂದ ಕಂಡವಳಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ಎರಡೂ ಕಚೇರಿಗಳ ಹೆಸರು, ಊರು ಇಲ್ಲಿರುವುದಿಲ್ಲ. ಹೆಸರಿಗಿಂತ ಅವರು ಕೆಲಸ ಮಾಡುವ ರೀತಿಯನ್ನು ಗುರುತಿಸುವುದೇ ಓದುವವರಿಗೆ ಹೆಚ್ಚು ಉಪಯೋಗ.

ಇನ್ನೊಂದು ಮಿತಿಯನ್ನೂ ಮೊದಲೇ ಹೇಳಬೇಕು. ಹಿಂದೂ ವಿವಾಹ ಕಾಯ್ದೆ, 1955ರ ಕಲಂ 22ರ ಪ್ರಕಾರ ಇಂಥ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯತಕ್ಕದ್ದು, ಒಳಗಿನ ಸಂಗತಿಗಳನ್ನು ಅಚ್ಚುಹಾಕಿ ಪ್ರಕಟಿಸುವಂತಿಲ್ಲ. ಹಾಗಾಗಿ ಎದುರು ಪಕ್ಷದವರು ಯಾರು, ಸಾಕ್ಷ್ಯದಲ್ಲಿ ಏನು ಬಂತು, ತೀರ್ಪಿನಲ್ಲಿ ಏನು ಬರೆದಿದೆ ಎಂಬುದನ್ನು ಹುಡುಕಿದರೆ ಇಲ್ಲಿ ಸಿಗದು. ವಕೀಲರ ಮೇಜಿನ ಈಚೆ ಬದಿಯ ಕುರ್ಚಿಯಲ್ಲಿ ಕುಳಿತು ನಾನು ಕಂಡದ್ದಷ್ಟೇ ಇಲ್ಲಿದೆ, ಅದೂ ಯಾರ ಗುರುತೂ ಹತ್ತದ ಹಾಗೆ.

ಮೊದಲ ಕಚೇರಿಗೆ ನಾನು ಹೋದದ್ದು ಚಿಕ್ಕಪ್ಪನ ಪರಿಚಯದ ಮೇಲೆ, 2022ರ ಮೇ ತಿಂಗಳಲ್ಲಿ. ಕಚೇರಿ ದೊಡ್ಡದು; ಗಾಜಿನ ಬಾಗಿಲು, ಗೋಡೆಯ ತುಂಬ ಕೆಂಪು ಬೆನ್ನಿನ ವರದಿ ಸಂಪುಟಗಳು, ನಾಲ್ಕು ಜನ ಜೂನಿಯರ್‌ಗಳು. ಹಿರಿಯ ವಕೀಲರು ನನ್ನ ಜೊತೆ ಮಾತಾಡಿದ್ದು ಹೆಚ್ಚೆಂದರೆ ಹದಿನೈದು ನಿಮಿಷ, ಅದರಲ್ಲಿ ಎರಡು ಸಲ ಫೋನು ಬಂತು. “ಕ್ರೂಯಲ್ಟಿ, ಡೆಸರ್ಷನ್ ಎರಡೂ ಹಾಕೋಣ ಮೇಡಂ, ಯಾವುದಾದರೂ ಒಂದು ನಿಲ್ಲುತ್ತದೆ” (ಅಂದರೆ ಕ್ರೌರ್ಯ ಮತ್ತು ಪರಿತ್ಯಾಗ, ಸಂಗಾತಿಯನ್ನು ತೊರೆಯುವುದು) ಎಂದು ಹೇಳಿ ಇಪ್ಪತ್ತೈದು ಸಾವಿರ ರೂಪಾಯಿ ಮುಂಗಡ ತೆಗೆದುಕೊಂಡು, ಉಳಿದ ವಿವರವನ್ನು ಜೂನಿಯರ್‌ಗೆ ಹೇಳಿ ಎಂದರು. ಒಂದು ವಾರದ ಮೇಲೆ ಸಹಿ ಹಾಕಲು ಕರೆದಾಗ ನನ್ನ ಮುಂದಿಟ್ಟ ಅರ್ಜಿ ಹನ್ನೊಂದು ಪುಟವಿತ್ತು. ಅದರಲ್ಲಿ ನನ್ನ ಮದುವೆಯ ದಿನಾಂಕ ಒಂದನ್ನು ಬಿಟ್ಟರೆ ಬೇರೆ ಯಾವ ದಿನಾಂಕವೂ ಇರಲಿಲ್ಲ. “ಪ್ರತಿವಾದಿಯು ಅರ್ಜಿದಾರಳಿಗೆ ಸದಾಕಾಲ ಮಾನಸಿಕ ಮತ್ತು ದೈಹಿಕ ಕಿರುಕುಳ ನೀಡುತ್ತಾ ಬಂದಿರುತ್ತಾನೆ” ಎಂಬ ವಾಕ್ಯ ಮೂರು ಕಡೆ ಇತ್ತು. ನಾನು ಹೇಳಿದ್ದ ಗಟ್ಟಿ ಸಂಗತಿಗಳೆಲ್ಲ ಆ ‘ಸದಾಕಾಲ’ದೊಳಗೆ ಕರಗಿಹೋಗಿ, ಹೇಳದೇ ಇದ್ದ ಒಂದು ಸಂಗತಿ, ಅಡುಗೆ ರುಚಿಯಿಲ್ಲವೆಂದು ತಟ್ಟೆ ಎಸೆದದ್ದು, ಸೇರಿಕೊಂಡಿತ್ತು. ನನ್ನ ಗಂಡ ತಟ್ಟೆ ಎಸೆದವರಲ್ಲ. ಯಾರದೋ ಹಳೆಯ ಅರ್ಜಿಯಿಂದ ಆ ತಟ್ಟೆ ಹಾರಿಬಂದು ನನ್ನ ಅರ್ಜಿಯಲ್ಲಿ ಬಿದ್ದಿತ್ತು. ಅದನ್ನು ತೆಗೆಯಿರಿ ಎಂದಾಗ ಜೂನಿಯರ್ “ಇರಲಿ ಬಿಡಿ ಮೇಡಂ, ಸ್ಟ್ರಾಂಗ್ ಆಗುತ್ತದೆ” ಎಂದರು. ನಾನು ಹಟ ಹಿಡಿದು ತೆಗೆಸಿದೆ.

ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ವೋಚರ್ ಇಲ್ಲದ ಖರ್ಚನ್ನು ಲೆಕ್ಕಪರಿಶೋಧಕರು ಹೇಗೆ ಕೆಂಪು ಶಾಯಿಯಲ್ಲಿ ಸುತ್ತುತ್ತಾರೆಂದು ಪ್ರತಿ ವರ್ಷ ನೋಡುತ್ತೇನೆ. ಅಂಥವಳು ಆ ಹನ್ನೊಂದು ಪುಟಕ್ಕೆ ಸಹಿ ಹಾಕಿದ್ದು ನನ್ನದೇ ತಪ್ಪು. ಆ ಹೊತ್ತಿನಲ್ಲಿ ಮನೆಯವರಿಗೆಲ್ಲ ‘ಕೇಸು ಹಾಕಿದ್ದೇವೆ’ ಎಂದು ಹೇಳಿಕೊಳ್ಳುವುದೇ ಒಂದು ಸಮಾಧಾನವಾಗಿತ್ತು.

ಅರ್ಜಿ ದಾಖಲಾದದ್ದು ಜೂನ್‌ನಲ್ಲಿ. ಆ ಮೇಲೆ ಎಂಟು ತಿಂಗಳು ಸಮನ್ಸ್ ಜಾರಿಯಾಗಲಿಲ್ಲ, ಏಕೆಂದರೆ ಅರ್ಜಿಯಲ್ಲಿ ಕೊಟ್ಟಿದ್ದ ವಿಳಾಸ ನನ್ನ ಗಂಡ ಎರಡು ವರ್ಷ ಹಿಂದೆಯೇ ಬಿಟ್ಟಿದ್ದ ಬಾಡಿಗೆ ಮನೆಯದು. ಸರಿಯಾದ ವಿಳಾಸವನ್ನು ನಾನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಅದು ಕಡತದೊಳಗೇ ಪಿನ್ನಿನಲ್ಲಿ ಹಾಗೆಯೇ ಇತ್ತು. ಪ್ರತಿ ವಾಯಿದೆಗೂ ಒಬ್ಬ ಹೊಸ ಜೂನಿಯರ್ ಬಂದು “ಸಮನ್ಸ್ ವಾಪಸ್” ಎನ್ನುತ್ತಿದ್ದರು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರಕರಣದ ಗುರುತಾದ ಹದಿನಾರು ಅಕ್ಷರದ ಸಿಎನ್‌ಆರ್ ಸಂಖ್ಯೆ ಹಾಕಿದರೆ ನಮ್ಮ ಪ್ರಕರಣದ ಸ್ಥಿತಿಯನ್ನು ನಾವೇ ನೋಡಬಹುದೆಂಬುದು ಕೂಡ ನನಗೆ ತಿಳಿದದ್ದು ಆ ಕಚೇರಿಯಿಂದಲ್ಲ, ನ್ಯಾಯಾಲಯದ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಅಜ್ಜನಿಂದ; ಅವರು ಮಗಳ ಪ್ರಕರಣಕ್ಕಾಗಿ ಬರುತ್ತಿದ್ದರು.

ನಾನು ಆ ಕಚೇರಿಯನ್ನು ಬಿಡಲು ಕೊನೆಯ ಕಾರಣ ಬೇರೆ. ಶಾಶ್ವತ ಜೀವನಾಂಶವಾಗಿ ಎಷ್ಟು ಬರುತ್ತದೆಯೋ ಅದರಲ್ಲಿ ಶೇಕಡಾ ಹತ್ತನ್ನು ಕೊಡಬೇಕಾಗುತ್ತದೆ ಎಂದು ಒಂದು ದಿನ ಮೆಲ್ಲಗೆ ಹೇಳಿದರು. ಪ್ರಕರಣದ ಫಲಿತಾಂಶದ ಮೇಲೆ ಶುಲ್ಕ ನಿಗದಿ ಮಾಡುವುದನ್ನು, ಬಂದ ಹಣದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಇದು ಆಗ ನನಗೆ ಗೊತ್ತಿರಲಿಲ್ಲ, ಆದರೆ ಕೇಳಿದ ಧಾಟಿಯೇ ಹಿಡಿಸಲಿಲ್ಲ. ವಕಾಲತ್ತು ಹಿಂತೆಗೆದುಕೊಳ್ಳಲು ಒಪ್ಪಿಗೆ ಕೇಳಿದಾಗ, ಬಾಕಿ ಹದಿನೈದು ಸಾವಿರ ಕೊಟ್ಟರೆ ಕಡತ ಕೊಡುವುದಾಗಿ ಹೇಳಿದರು. ಶುಲ್ಕ ಬಾಕಿಯಿದೆ ಎಂಬ ಕಾರಣಕ್ಕೆ ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂಬುದು 2000ನೇ ಇಸವಿಯಷ್ಟು ಹಿಂದೆಯೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇತ್ಯರ್ಥಪಡಿಸಿದ ವಿಷಯ. ಎರಡನೆಯ ವಕೀಲರು ಆ ತೀರ್ಪಿನ ಹೆಸರನ್ನು ಉಲ್ಲೇಖಿಸಿ ಎರಡೇ ಸಾಲಿನ ಪತ್ರ ಬರೆದರು. ಮೂರನೆಯ ದಿನ ಕಡತ ಬಂತು. ನನ್ನ ಮೂಲ ಮದುವೆ ಫೋಟೋಗಳಲ್ಲಿ ಎರಡು ಕಡಿಮೆಯಿದ್ದವು. ಅವು ಈವರೆಗೂ ಸಿಕ್ಕಿಲ್ಲ.

ಎರಡನೆಯ ಕಚೇರಿ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯ ಎರಡು ಕೋಣೆ. ಮೆಟ್ಟಿಲು ಕಡಿದು, ಕತ್ತಲು. ನನ್ನ ಅಪ್ಪ ಒಂದೇ ಸಲ ಹತ್ತಿ, ಮುಂದಿನ ಸಲದಿಂದ ಕೆಳಗೆ ಅಂಗಡಿಯಲ್ಲೇ ಕುಳಿತುಕೊಳ್ಳುತ್ತಿದ್ದರು. ಅರವತ್ತು ದಾಟಿದ ವಕೀಲರು, ಅವರ ಜೊತೆ ಒಬ್ಬ ಜೂನಿಯರ್ ಹುಡುಗಿ, ಒಬ್ಬ ಗುಮಾಸ್ತರು. ಹಳೆಯ ಅರ್ಜಿಯನ್ನು ಓದಿ ಮುಗಿಸಿ, ಕನ್ನಡಕ ತೆಗೆದು, ಅವರು ಹೇಳಿದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ: “ಇದರಲ್ಲಿ ನೀವು ಎಲ್ಲಿದ್ದೀರಮ್ಮ?” ಆಮೇಲೆ ಒಂದು ಉದ್ದನೆಯ ನೋಟ್‌ಬುಕ್ ತೆಗೆದು, ಹಾಳೆಗೆ ನಡುವೆ ಗೆರೆ ಎಳೆದು, ಎಡಗಡೆ ದಿನಾಂಕ, ಬಲಗಡೆ ಸಂಗತಿ ಮತ್ತು ಅದಕ್ಕಿರುವ ಪುರಾವೆ ಬರೆಯಲು ಹೇಳಿದರು. ಸರಿಯಾದ ದಿನ ನೆನಪಿಲ್ಲದಿದ್ದರೆ ಹಬ್ಬ, ಮದುವೆ, ಆಸ್ಪತ್ರೆಯ ಚೀಟಿ, ಸಂಬಳದ ದಿನ, ಯಾವುದನ್ನಾದರೂ ಆಸರೆಯಾಗಿ ಹಿಡಿದು ತಿಂಗಳನ್ನಾದರೂ ಗೊತ್ತುಮಾಡಬೇಕು. ಅದೂ ಆಗದಿದ್ದರೆ ಆ ಸಂಗತಿಯನ್ನು ಬಿಡಬೇಕು. ಮೂರು ಸಂಜೆ ನಾನು ಆ ಕೆಲಸ ಮಾಡಿದೆ. ಮೊದಲ ಸಂಜೆ ಅರವತ್ತಕ್ಕೂ ಹೆಚ್ಚು ಸಾಲು ಬರೆದಿದ್ದೆ. ಮೂರನೆಯ ಸಂಜೆ ಉಳಿದದ್ದು ಹತ್ತೊಂಬತ್ತು. ಹೊಡೆದು ಹಾಕಿದ ಪ್ರತಿ ಸಾಲಿಗೂ ಅವರು ಕಾರಣ ಹೇಳಿದರು. ಈ ಮೂರು ಸಂಜೆಗಳಿಗಾಗಿಯೇ ನಾನು ಈ ಕಚೇರಿಗೆ ಕೊಟ್ಟ ಹಣ ಸಾರ್ಥಕವೆಂದುಕೊಂಡಿದ್ದೇನೆ.

ಆ ಕಾರಣಗಳನ್ನು ಸ್ವಲ್ಪ ಬಿಡಿಸಿ ಹೇಳುವುದು ಮೇಲು, ಏಕೆಂದರೆ ಸೇವೆಯ ಗುಣಮಟ್ಟ ಗೊತ್ತಾಗುವುದು ಅಲ್ಲಿಯೇ. 1955ರ ಮೂಲ ಕಾಯ್ದೆಯಲ್ಲಿ ಕ್ರೌರ್ಯ ಮತ್ತು ಪರಿತ್ಯಾಗಗಳು ನ್ಯಾಯಿಕ ಪ್ರತ್ಯೇಕತೆಗೆ (ಮದುವೆ ಮುರಿಯದೆ, ನ್ಯಾಯಾಲಯದ ಆದೇಶದಂತೆ ಬೇರೆ ಇರುವುದಕ್ಕೆ) ಮಾತ್ರ ಕಾರಣಗಳಾಗಿದ್ದವು. ಅವು ವಿಚ್ಛೇದನಕ್ಕೇ ಕಾರಣಗಳಾದದ್ದು 1976ರ ತಿದ್ದುಪಡಿಯಿಂದ. ಕ್ರೌರ್ಯ ಎಂದರೇನೆಂದು ಕಾಯ್ದೆ ವಿವರಿಸಿಲ್ಲ. ಅದನ್ನು ತುಂಬಿಸಿಕೊಟ್ಟದ್ದು ತೀರ್ಪುಗಳು. 2007ರ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾನಸಿಕ ಕ್ರೌರ್ಯದ ಉದಾಹರಣೆಗಳ ಒಂದು ಪಟ್ಟಿಯನ್ನೇ ಕೊಟ್ಟು, ಅದು ಪೂರ್ಣವಲ್ಲವೆಂದೂ ಹೇಳಿತು. ಅದರಲ್ಲೇ, ದಿನನಿತ್ಯದ ಸಂಸಾರದಲ್ಲಿ ಬರುವ ಸಣ್ಣಪುಟ್ಟ ಸಿಡುಕು, ಜಗಳ, ಸವೆತಗಳು ವಿಚ್ಛೇದನಕ್ಕೆ ಸಾಲವೆಂದೂ ಇದೆ. “ಸಾರಿಗೆ ಉಪ್ಪು ಜಾಸ್ತಿ ಅಂದದ್ದನ್ನು ಬರೆದರೆ, ಅದರ ಪಕ್ಕದಲ್ಲಿರುವ ನಿಜವಾದ ಏಟೂ ಉಪ್ಪಿನಷ್ಟೇ ಹಗುರ ಆಗುತ್ತದೆ” ಎನ್ನುತ್ತಾ ಅವರು ನನ್ನ ಇಪ್ಪತ್ತಕ್ಕೂ ಹೆಚ್ಚು ಸಾಲುಗಳನ್ನು ಹೊಡೆದರು. ನನಗೆ ಕಣ್ಣಲ್ಲಿ ನೀರು ಬಂತು. ಆ ಇಪ್ಪತ್ತೂ ನನ್ನ ಪಾಲಿಗೆ ಸಣ್ಣವಾಗಿರಲಿಲ್ಲ. ಜೂನಿಯರ್ ಹುಡುಗಿ ನೀರಿನ ಲೋಟ ತಂದಿಟ್ಟು, ಏನೂ ಮಾತಾಡದೆ ಹೋದಳು. ವಕೀಲರು ಕಾದರು, ಆದರೆ ಹೊಡೆದದ್ದನ್ನು ತಿರುಗಿ ಬರೆಯಲಿಲ್ಲ.

ಮೈಮೇಲೆ ಕೈ ಮಾಡಿದ ಒಂದು ಘಟನೆಗೆ ಆಸ್ಪತ್ರೆಯ ಚೀಟಿಯೂ ಇತ್ತು. ಅದೇ ನನ್ನ ಅತಿ ಗಟ್ಟಿ ಆಧಾರವೆಂದು ನಾನು ತಿಳಿದಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅದಾದ ಮೇಲೆ ಎಷ್ಟು ಕಾಲ ಒಟ್ಟಿಗೆ ಸಂಸಾರ ಮಾಡಿದಿರಿ?” ಕಲಂ 23ರ ಪ್ರಕಾರ, ಕ್ರೌರ್ಯವನ್ನು ಕ್ಷಮಿಸಿ ಮುಂದುವರಿದವರಿಗೆ ಅದೇ ಕ್ರೌರ್ಯದ ಮೇಲೆ ವಿಚ್ಛೇದನ ಸಿಗದು, 1975ರ ದಾಸ್ತಾನೆ ಪ್ರಕರಣದಲ್ಲಿ ಪತ್ನಿಯ ನಡವಳಿಕೆ ಕ್ರೌರ್ಯವೆಂದು ಒಪ್ಪಿದ ಸುಪ್ರೀಂ ಕೋರ್ಟ್, ಪತಿ ಅದನ್ನು ಕ್ಷಮಿಸಿದ್ದಾನೆಂಬ ಕಾರಣಕ್ಕೇ ಅವನಿಗೆ ಪರಿಹಾರ ನಿರಾಕರಿಸಿತು. ಆದರೆ ಹಾಗೆ ಕ್ಷಮಿಸಿದ್ದು ಷರತ್ತಿನದು. ಮುಂದೆ ಅಂಥದೇ ನಡೆದರೆ ಹಳೆಯದಕ್ಕೂ ಮತ್ತೆ ಜೀವ ಬರುತ್ತದೆ. ಹಾಗಾಗಿ ಆ ಚೀಟಿಯನ್ನು ಒಂಟಿಯಾಗಿ ಇಡದೆ, ನಂತರದ ಸಂಗತಿಗಳ ಸರಪಳಿಯ ಮೊದಲ ಕೊಂಡಿಯಾಗಿ ಜೋಡಿಸಿದರು. ಅದೇ ದಾಸ್ತಾನೆ ತೀರ್ಪಿನಿಂದ ಅವರು ನನಗೆ ಧೈರ್ಯವನ್ನೂ ಕೊಟ್ಟರು: ಇಲ್ಲಿ ಬೇಕಾದದ್ದು ಕ್ರಿಮಿನಲ್ ಪ್ರಕರಣದ ಹಾಗೆ ಸಂಶಯಕ್ಕೆಡೆಯಿಲ್ಲದ ಪುರಾವೆಯಲ್ಲ, ಎರಡು ಸಾಧ್ಯತೆಗಳಲ್ಲಿ ಯಾವುದರ ತೂಕ ಹೆಚ್ಚು ಎಂಬುದು.

ಪರಿತ್ಯಾಗದ ವಿಷಯಕ್ಕೆ ಬಂದಾಗ ಮೊದಲ ಕಚೇರಿಯ ಕೆಲಸ ಎಷ್ಟು ಕೆಟ್ಟಿತ್ತೆಂದು ಪೂರ್ತಿ ತಿಳಿಯಿತು. (ಪರಿತ್ಯಾಗ ಎಂಬ ಮಾತು ಕೇಳಿದಾಗಲೆಲ್ಲ ನನ್ನ ಅಜ್ಜಿ “ಸೀತಾ ಪರಿತ್ಯಾಗವೇ?” ಎನ್ನುತ್ತಿದ್ದರು. ಕಾನೂನಿನ ಕನ್ನಡದಲ್ಲಿ ಇಷ್ಟು ಪುರಾಣ ತುಂಬಿಕೊಂಡ ಪದ ಇನ್ನೊಂದಿರಲಾರದು.) ಕಾಯ್ದೆ ಕೇಳುವುದು ಅರ್ಜಿ ಸಲ್ಲಿಸುವ ದಿನದ ನಿಕಟಪೂರ್ವದಲ್ಲಿ ಎಡೆಬಿಡದ ಎರಡು ವರ್ಷದ ಪರಿತ್ಯಾಗವನ್ನು. ನನ್ನನ್ನು ದೀಪಾವಳಿಗೆಂದು ತವರಿಗೆ ಕಳುಹಿಸಿದ್ದು 2020ರ ನವೆಂಬರ್‌ನಲ್ಲಿ. ಮೊದಲ ಅರ್ಜಿ ದಾಖಲಾದದ್ದು 2022ರ ಜೂನ್‌ನಲ್ಲಿ. ಬೆರಳಿನಲ್ಲಿ ಎಣಿಸಿದರೂ ಹತ್ತೊಂಬತ್ತೇ ತಿಂಗಳು. ಅರ್ಜಿ ಹಾಕಿದ ಮೇಲೆ ಕಳೆದ ತಿಂಗಳುಗಳನ್ನು ಅದಕ್ಕೆ ಸೇರಿಸಿಕೊಳ್ಳುವಂತಿಲ್ಲ. ಅಂದರೆ ‘ಎರಡೂ ಹಾಕೋಣ’ ಎಂದ ಆ ಎರಡರಲ್ಲಿ ಒಂದು ಹುಟ್ಟುವಾಗಲೇ ಸತ್ತಿತ್ತು, ನಾಲ್ಕು ಜನ ಜೂನಿಯರ್‌ಗಳಲ್ಲಿ ಒಬ್ಬರೂ ಕ್ಯಾಲೆಂಡರ್ ನೋಡಿರಲಿಲ್ಲ.

ಇನ್ನೂ ಸೂಕ್ಷ್ಮವಾದದ್ದೊಂದನ್ನು ಎರಡನೆಯ ವಕೀಲರು ತೋರಿಸಿಕೊಟ್ಟರು. ಎಣಿಕೆ ನವೆಂಬರ್‌ನಿಂದಲೂ ಶುರುವಾಗದು, ಏಕೆಂದರೆ ಹಬ್ಬಕ್ಕೆ ನಾನು ಹೋದದ್ದು ಇಬ್ಬರ ಒಪ್ಪಿಗೆಯಿಂದ. ಒಪ್ಪಿಗೆಯಿಂದ ದೂರ ಇರುವುದು ಪರಿತ್ಯಾಗವಲ್ಲ. ಬೇರೆಯಾಗಿ ಇರುವುದರ ಜೊತೆಗೆ, ಸಂಸಾರವನ್ನು ಶಾಶ್ವತವಾಗಿ ಮುರಿಯುವ ಉದ್ದೇಶವೂ ಕೂಡಿದ ದಿನದಿಂದ ಲೆಕ್ಕ. ಆ ದಿನ ಯಾವುದು ಎಂದು ಹುಡುಕುತ್ತಾ ಹೋದಾಗ, 2021ರ ಜನವರಿ ಮೂರನೇ ವಾರದಲ್ಲಿ ನನ್ನ ಅಣ್ಣನ ಫೋನಿಗೆ ಬಂದಿದ್ದ ಒಂದು ವಾಟ್ಸ್‌ಆ್ಯಪ್ ಸಂದೇಶ ಸಿಕ್ಕಿತು. ‘ಇನ್ನು ಕಳಿಸುವ ಅಗತ್ಯ ಇಲ್ಲ’ ಎಂಬಷ್ಟೇ ಅದರ ಸಾರ. ನಮ್ಮ ಮನೆಯವರೆಲ್ಲ ಅದನ್ನು ಕೋಪದ ಮಾತೆಂದು ಮರೆತಿದ್ದರು. ವಕೀಲರು ಅದನ್ನು ಎರಡು ಸಲ ಓದಿ, ಕಪಾಟಿನಿಂದ 1957ರ ಸಂಪುಟ ತೆಗೆಸಿ, ಬಿಪಿನ್‌ಚಂದ್ರ ಷಾ ಪ್ರಕರಣವನ್ನು ತೋರಿಸಿದರು. 1956ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಆ ಪ್ರಕರಣದಲ್ಲಿ ತವರಿಗೆ ಹೋಗಿದ್ದ ಪತ್ನಿ ತನ್ನನ್ನು ತೊರೆದಳೆಂದು ಪತಿಯ ವಾದ. ಆದರೆ ಅವಳನ್ನು ಕಳಿಸಬೇಡಿ ಎಂದು ಮಾವನಿಗೆ ತಂತಿ ಕೊಟ್ಟವನು ಅವನೇ. ಪರಿತ್ಯಾಗ ಸಾಬೀತಾಗಲಿಲ್ಲ. “ಅದು 1947ರ ತಂತಿ, ಇದು ನಿಮ್ಮ ಅಣ್ಣನ ಫೋನು. ಮನೆ ಬಿಟ್ಟು ಹೊರಗೆ ಬಂದವರೇ ಯಾವಾಗಲೂ ತೊರೆದವರಲ್ಲ ಅಮ್ಮ, ಬಾಗಿಲು ಹಾಕಿಕೊಂಡವರೂ ಆಗಬಹುದು” ಎಂದರು. ಕಾನೂನನ್ನು ಕಕ್ಷಿದಾರರಿಗೆ ಅರ್ಥವಾಗುವ ಹಾಗೆ ಹೇಳುವುದು ಸೇವೆಯ ಭಾಗವೆಂದು ಮೊದಲ ಕಚೇರಿಯವರಿಗೆ ಎಂದೂ ಅನ್ನಿಸಿರಲಿಲ್ಲ.

ಮುಂದಿನ ಹೆಜ್ಜೆಯನ್ನು ಅವರು ನಿರ್ಧರಿಸಲಿಲ್ಲ; ಎರಡು ದಾರಿಯನ್ನು ಮುಂದಿಟ್ಟು ನನಗೇ ಬಿಟ್ಟರು. ಹಳೆಯ ಅರ್ಜಿಯನ್ನು ಕ್ರೌರ್ಯದ ಮೇಲೆ ಮಾತ್ರ ಮುಂದುವರಿಸಬಹುದು. ಇಲ್ಲವೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ ಅಡಿ, ಹೊಸದಾಗಿ ಸಲ್ಲಿಸುವ ಅನುಮತಿಯೊಂದಿಗೆ ಹಿಂತೆಗೆದುಕೊಳ್ಳಬಹುದು. ಸಮನ್ಸೇ ಜಾರಿಯಾಗಿರದ ಕಾರಣ ಹಿಂತೆಗೆದರೆ ನಷ್ಟ ಕಡಿಮೆ. 2023ರ ಜನವರಿ ಕಳೆದದ್ದರಿಂದ ಎರಡು ವರ್ಷವೂ ತುಂಬಿತ್ತು. ಅನುಮತಿಯ ಮಾತು ಇಲ್ಲದೆ ಸುಮ್ಮನೆ ಹಿಂತೆಗೆದರೆ ಅದೇ ಕಾರಣದ ಮೇಲೆ ಮತ್ತೆ ಹೋಗಲು ತೊಡಕಾಗುತ್ತದೆಂದು ಎಚ್ಚರಿಸಿ, ಆದೇಶದ ಹಾಳೆಯಲ್ಲಿ ಆ ಪದಗಳು ಬಂದಿವೆಯೇ ಎಂದು ಅವರೇ ಕಣ್ಣಾರೆ ನೋಡಿ ಬಂದರು. ಮಾರ್ಚ್‌ನಲ್ಲಿ ಹೊಸ ಅರ್ಜಿ, ಏಳು ಪುಟ, ಕನ್ನಡದಲ್ಲಿ. ಕನ್ನಡದಲ್ಲಿ ಬೇಕೆಂದು ಕೇಳಿದ್ದು ನಾನು. “ಕೇಳುವವರಿಲ್ಲ, ಅದಕ್ಕೇ ನಾವೂ ಮರೆತಿದ್ದೇವೆ” ಎನ್ನುತ್ತಾ ಒಪ್ಪಿದರು. ನಾನು ಸಹಿ ಹಾಕುವ ಮೊದಲು ಪ್ರತಿ ಪುಟವನ್ನೂ ಜೂನಿಯರ್ ಹುಡುಗಿ ಗಟ್ಟಿಯಾಗಿ ಓದಿ ಹೇಳಿದಳು.

‘ಇಷ್ಟು ವರ್ಷ ಬೇರೆಯೇ ಇದ್ದೇವಲ್ಲ ಸರ್, ಮದುವೆ ಸತ್ತಿದೆ ಎಂಬುದೇ ಸಾಲದೇ?’ ಎಂದು ನಾನೊಮ್ಮೆ ಕೇಳಿದ್ದೆ. ಸಾಲದು ಎಂದರು. ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದು ನಮ್ಮ ಕಾಯ್ದೆಯಲ್ಲಿ ಪ್ರತ್ಯೇಕ ಕಾರಣವಲ್ಲ. 2023ರ ಮೇ ತಿಂಗಳ ಸಂವಿಧಾನ ಪೀಠದ ತೀರ್ಪಿನ ನಂತರವೂ ಆ ಆಧಾರದ ಮೇಲೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ, ಕೌಟುಂಬಿಕ ನ್ಯಾಯಾಲಯಕ್ಕಿಲ್ಲ. ಪರಸ್ಪರ ಒಪ್ಪಿಗೆಯ ದಾರಿ, ಅಂದರೆ ಕಲಂ 13-ಬಿ, ಎಂದೂ ಮುಚ್ಚಿಲ್ಲವೆಂದೂ ಹೇಳಿ, ಎದುರು ಪಕ್ಷದವರು ಒಪ್ಪುವುದಾದರೆ ತಮ್ಮ ಶುಲ್ಕದ ಉಳಿದ ಕಂತು ಬೇಡವೆಂದರು. ಅವರು ಒಪ್ಪಲಿಲ್ಲ, ಅದು ಬೇರೆ ಮಾತು.

ಜೀವನಾಂಶದ ವಿಷಯದಲ್ಲಿ ಅವರು ನನಗೆ ಹಿಡಿಸದ ಮಾತನ್ನೇ ಹೇಳಿದರು. ನನ್ನ ಸಂಬಳವನ್ನು ಮರೆಮಾಚಬಾರದು. 2020ರ ರಜನೀಶ್-ನೇಹಾ ತೀರ್ಪಿನ ನಂತರ ಎರಡೂ ಕಡೆಯವರು ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಕೊಡಲೇಬೇಕು, ಅದರಲ್ಲಿ ಸುಳ್ಳಿದ್ದರೆ ಇಡೀ ಅರ್ಜಿಯ ನಂಬಿಕೆ ಹೋಗುತ್ತದೆ. ‘ಕೆಲಸ ಬಿಟ್ಟು ಕುಳಿತರೆ ಜಾಸ್ತಿ ಬರುತ್ತದೆ’ ಎಂದು ನೆಂಟರೊಬ್ಬರು ಉಪದೇಶಿಸಿದ್ದನ್ನು ಹೇಳಿದಾಗ ವಕೀಲರು ನಕ್ಕರು, ಉತ್ತರ ಕೊಡಲಿಲ್ಲ.

ನೋಟೀಸಿಗೆ ಉತ್ತರ ಬರೆಯುವುದರಲ್ಲಿ ಈ ಕಚೇರಿಯ ಕೈ ಎಷ್ಟು ಪಳಗಿದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಹೊಸ ಅರ್ಜಿಯ ಸಮನ್ಸ್ ತಲುಪಿದ ಸ್ವಲ್ಪ ದಿನಕ್ಕೆ ‘ಕರೆದುಕೊಂಡು ಹೋಗಲು ಸಿದ್ಧ’ ಎಂಬ ಎದುರು ಪಕ್ಷದ ವಕೀಲರ ನೋಟೀಸು ನಮಗೆ ಬಂತು. ಮನೆಯಲ್ಲಿ ಎರಡು ಗುಂಪಾಯಿತು. ಅಮ್ಮ ಹೋಗಿ ನೋಡು ಎಂದರು, ಅಣ್ಣ ಹರಿದು ಎಸೆ ಎಂದ. ಪ್ರಾಮಾಣಿಕವಾದ ಕರೆಯನ್ನು ಕಾರಣವಿಲ್ಲದೆ ತಿರಸ್ಕರಿಸಿದವರೇ ಕಾನೂನಿನ ಕಣ್ಣಿನಲ್ಲಿ ತೊರೆದವರಾಗಿಬಿಡಬಹುದು ಎಂದು ನಮ್ಮ ವಕೀಲರು ವಿವರಿಸಿ, ಉತ್ತರದಲ್ಲಿ ಇಲ್ಲ ಎಂದೂ ಬರೆಯದೆ, ಹೌದು ಎಂದೂ ಬರೆಯದೆ, ಮೂರು ಪ್ರಶ್ನೆ ಬರೆದರು. ಎಲ್ಲಿ ಇರುವುದು, ಯಾವ ದಿನ ಬರುತ್ತೀರಿ, ಈ ಎರಡು ವರ್ಷ ಯಾಕೆ ಬರಲಿಲ್ಲ. ಅಷ್ಟೇ. ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಸ್ವೀಕೃತಿ ಕಾರ್ಡನ್ನು ನನ್ನ ಕಣ್ಣೆದುರೇ ಕಡತಕ್ಕೆ ಹೊಲಿಸಿದರು. ಆ ಪ್ರಶ್ನೆಗಳಿಗೆ ಉತ್ತರ ಬರಲೇ ಇಲ್ಲ.

ಪಾಟಿ ಸವಾಲಿನ ಹಿಂದಿನ ಸಂಜೆ ಅವರ ಕಚೇರಿಯಲ್ಲಿ ಕಳೆದ ಒಂದು ಗಂಟೆಯ ಬಗ್ಗೆಯೂ ಬರೆಯಬೇಕು. ನಾನು ಕೇಳಿದ್ದೆ, ‘ಏನು ಉತ್ತರ ಹೇಳಬೇಕು ಹೇಳಿಕೊಡಿ ಸರ್’ ಎಂದು. “ಉತ್ತರ ಹೇಳಿಕೊಡುವುದು ನನ್ನ ಕೆಲಸ ಅಲ್ಲಮ್ಮ. ಪ್ರಶ್ನೆ ಹೇಗೆ ಬರುತ್ತದೆ ಎಂದು ತೋರಿಸುತ್ತೇನೆ” ಎಂದು ಎದ್ದು ನಿಂತರು. ಅದುವರೆಗೆ ‘ಅಮ್ಮ’ ಎನ್ನುತ್ತಿದ್ದವರ ದನಿಯೇ ಬೇರೆಯಾಯಿತು.

“ಈಗಲೂ ಗಂಡನ ಮನೆಗೆ ಹೋಗಲು ಸಿದ್ಧರಿದ್ದೀರಾ? ಹೌದೋ ಇಲ್ಲವೋ ಅಷ್ಟೇ ಹೇಳಿ.”

ನಾನು ತಡವರಿಸಿದೆ. ಹೌದು ಎಂದರೆ ಕ್ರೌರ್ಯ ಸುಳ್ಳಾಗುತ್ತದೆ, ಇಲ್ಲ ಎಂದರೆ ತೊರೆದವಳು ನಾನಾಗುತ್ತೇನೆ. ಅವರು ಅದೇ ಪ್ರಶ್ನೆಯನ್ನು ನಾಲ್ಕು ಸಲ, ನಾಲ್ಕು ಬಗೆಯಲ್ಲಿ ಕೇಳಿದರು. ನಾಲ್ಕನೆಯ ಸಲಕ್ಕೆ ನನಗೇ ಸಿಟ್ಟು ಬಂದು, “ಎರಡು ವರ್ಷ ಸಿದ್ಧಳಿದ್ದೆ, ಕರೆಯಲಿಲ್ಲ. ಈಗ ಇಲ್ಲ” ಎಂದೆ. ಅವರು ಕುಳಿತುಕೊಂಡರು. ಇದು ನಿಮ್ಮ ಉತ್ತರ, ನನ್ನದಲ್ಲ, ನೆನಪಿರಲಿ ಎಂದರು. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೆ ಕೇಳಲು ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ನನ್ನ ಮುಖ ನೋಡಬೇಡಿ, ನ್ಯಾಯಾಧೀಶರನ್ನು ನೋಡಿ ಎಂದು ಮೂರು ಮಾತು ಹೇಳಿ ಕಳುಹಿಸಿದರು. ಮರುದಿನ ಏನಾಯಿತೆಂಬುದನ್ನು ನಾನು ಬರೆಯುವಂತಿಲ್ಲ.

ಈ ಕಚೇರಿಯಲ್ಲಿ ಕುಂದುಗಳೂ ಇವೆ, ಕೆಲವು ಸಣ್ಣವಲ್ಲ. ವಕೀಲರು ಸಂಜೆ ಏಳರ ನಂತರ ಫೋನು ಎತ್ತುವುದಿಲ್ಲ, ಗುಮಾಸ್ತರು ಎತ್ತಿದರೂ ‘ನಾಳೆ ಬನ್ನಿ’ ಎಂಬುದನ್ನು ಬಿಟ್ಟು ಬೇರೆ ಹೇಳುವುದಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಜೊತೆಗಿರಬೇಕಾದ, ಎಲೆಕ್ಟ್ರಾನಿಕ್ ದಾಖಲೆಗಳಿಗೆ ಹಳೆಯ ಸಾಕ್ಷ್ಯ ಕಾಯ್ದೆ ಕೇಳುತ್ತಿದ್ದ 65-ಬಿ ಪ್ರಮಾಣಪತ್ರವನ್ನು (2024ರ ಜುಲೈನಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲಿ ಅದು ಕಲಂ 63) ಅವರು ಕೊನೆಯ ಗಳಿಗೆಯವರೆಗೆ ಮರೆತಿದ್ದರು. ಫೋನು ನನ್ನದಲ್ಲ, ಅಣ್ಣನದು, ಅವನು ಆ ದಿನ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದ. ಅದರಿಂದ ಒಂದು ವಾಯಿದೆ, ಅಂದರೆ ಏಳು ವಾರ, ಹೋಯಿತು. ಹಳೆಯ ಕಾಲದವರಾದ್ದರಿಂದ ಕಂಪ್ಯೂಟರಿನ ಕೆಲಸಗಳಲ್ಲಿ ಅವರು ಜೂನಿಯರ್ ಮೇಲೆಯೇ ಪೂರ್ತಿ ಅವಲಂಬಿತರು. ಆಕೆ ಪರೀಕ್ಷೆಗೆಂದು ರಜೆ ಹಾಕಿದ ತಿಂಗಳು ಕಚೇರಿಯಲ್ಲಿ ಏನೂ ನಡೆಯಲಿಲ್ಲ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ ಕಲಂ 13ರಂತೆ ಅಲ್ಲಿ ವಕೀಲರ ಮೂಲಕ ವಾದಿಸುವುದು ಹಕ್ಕಲ್ಲ, ಅನುಮತಿ ಪಡೆಯಬೇಕಾದ ವಿಷಯ. ಹಾಗಾಗಿ ಎಷ್ಟೋ ವಾಯಿದೆಗೆ ನಾನೇ ಖುದ್ದು ಹಾಜರಿರಬೇಕೆಂದು ಮೊದಲೇ ತಿಳಿಸಿದ್ದರೆ ರಜೆಗಳನ್ನು ಉಳಿಸಿಟ್ಟುಕೊಳ್ಳುತ್ತಿದ್ದೆ. ಒಂದು ವರ್ಷ ನನ್ನ ಸಂಬಳ ಹನ್ನೊಂದು ದಿನ ಕಡಿತವಾಯಿತು.

ಶುಲ್ಕ ಒಟ್ಟು ಅರವತ್ತು ಸಾವಿರ, ನಾಲ್ಕು ಹಂತದಲ್ಲಿ: ಅರ್ಜಿ, ತಕರಾರು ಬಂದ ಮೇಲೆ, ಸಾಕ್ಷ್ಯ, ವಾದ. ಟೈಪಿಂಗ್, ನಕಲು, ಅಂಚೆ ಖರ್ಚು ಬೇರೆ. ಮೊದಲ ಎರಡು ಕಂತಿಗೆ ರಸೀದಿ ಕೊಡಲಿಲ್ಲ. ಕೇಳಿದ ಮೇಲೆ ನಾಲ್ಕಕ್ಕೂ ಒಟ್ಟಿಗೆ ಬರೆದುಕೊಟ್ಟರು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆಂಬುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿಯೋ 15100ಕ್ಕೆ ಕರೆ ಮಾಡಿಯೋ ಕೇಳಬಹುದೆಂಬುದು ನನಗೆ ತಿಳಿದದ್ದು ಎರಡನೆಯ ಕಂತು ಕೊಟ್ಟ ಮೇಲೆ. ಅದನ್ನು ಹೇಳಿದ್ದೂ ಇದೇ ವಕೀಲರೇ. “ಬೇಕಾದರೆ ಅಲ್ಲಿಗೆ ಹೋಗಿ, ಕಡತ ಕಟ್ಟಿಕೊಡುತ್ತೇನೆ” ಎಂದರು. ನಾನು ಹೋಗಲಿಲ್ಲ, ಆದರೆ ಕೈಯಲ್ಲಿ ಹಣವಿಲ್ಲದೆ ಸುಮ್ಮನಿರುವವರು ಅಲ್ಲಿಂದಲೇ ಶುರುಮಾಡಬಹುದು. ಯಾರು ಬರೆದುಕೊಟ್ಟರೂ ಅರ್ಜಿಯಲ್ಲಿ ನಿಮ್ಮ ದಿನಾಂಕಗಳಿವೆಯೇ ಎಂದು ನೋಡಿ ಸಹಿ ಹಾಕಿ.

ಪ್ರಕರಣ ಇತ್ಯರ್ಥವಾದದ್ದು 2025ರ ಜನವರಿಯಲ್ಲಿ. ಮೇಲ್ಮನವಿಯ ಅವಧಿ ಮುಗಿಯುವವರೆಗೆ ಯಾವ ನಿರ್ಧಾರವನ್ನೂ ಮಾಡಬೇಡಿ ಎಂದು ಹೇಳಿ, ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿದರು. ಅವಧಿ ಕಳೆದ ಮೇಲೆ ಒಂದು ಶನಿವಾರ ಕಚೇರಿಗೆ ಕರೆದು ಕಡತ ಬಿಚ್ಚಿದರು. ಮೂಲ ದಾಖಲೆಗಳ ಪಟ್ಟಿಯನ್ನು ಜೂನಿಯರ್ ಹುಡುಗಿ ಓದುತ್ತಾ ಹೋದಳು, ನಾನು ಒಂದೊಂದಕ್ಕೂ ಗುರುತು ಹಾಕುತ್ತಾ ಹೋದೆ: ಮದುವೆಯ ಕರೆಯೋಲೆ ಒಂದು, ಫೋಟೋ ನಾಲ್ಕು, ಆಸ್ಪತ್ರೆಯ ಚೀಟಿ ಒಂದು, ಅಂಚೆ ಸ್ವೀಕೃತಿ ಕಾರ್ಡು ಒಂದು. ಇಪ್ಪತ್ಮೂರು ಕಾಗದಗಳಿದ್ದವು, ಇಪ್ಪತ್ಮೂರೂ ಸಿಕ್ಕವು. ಕೊನೆಗೆ ಆ ಗೆರೆ ಎಳೆದ ನೋಟ್‌ಬುಕ್ಕನ್ನೂ ಮುಂದಿಟ್ಟು, ಇದು ನಿಮ್ಮದೇ ಬರಹ, ಬೇಕಾದರೆ ತೆಗೆದುಕೊಂಡು ಹೋಗಿ ಎಂದರು. ಸ್ವೀಕೃತಿಯ ಕೆಳಗೆ ಸಹಿ ಹಾಕಿ, ನೋಟ್‌ಬುಕ್ಕನ್ನು ಅಲ್ಲಿಯೇ ಬಿಟ್ಟು, ಅಪ್ಪನನ್ನು ಕರೆದುಕೊಳ್ಳಲು ಕೆಳಗಿಳಿದೆ.